ಮೊದಲಿನ ಹಾಗಿಲ್ಲ ಎನ್ನುವವರು

ಟಿ.ಎನ್. ಸೀತಾರಾಮ್ ಅವರ ಕೋರ್ಟ್ ಧಾರಾವಾಹಿಗಳ ಅಭಿಮಾನಿ ಶಿವಮೊಗ್ಗ, ಭದ್ರಾವತಿ ಎರಡೂ ಊರುಗಳಲ್ಲಿ ವರ್ಷವಿಡೀ ಕಾಣಸಿಗುತ್ತಾನೆ. ವಯಸ್ಸು ಐವತ್ತೈದು ದಾಟಿರುತ್ತದೆ. ವೃತ್ತಿಯಿಂದ ನಿವೃತ್ತ, ಅದೂ ಭದ್ರಾವತಿಯಾದರೆ ಬಹುಪಾಲು ವಿಆರ್‌ಎಸ್. ಧಾರಾವಾಹಿಯ ಮಾತು ಬಂದರೆ ಮೊದಲು "ನಾನು ಸೀರಿಯಲ್ ನೋಡಲ್ಲ" ಎನ್ನುತ್ತಾನೆ. ತುಸು ಬಿಟ್ಟು, "ಸೀತಾರಾಮ್ ಅವರದ್ದು ಬೇರೆ" ಎನ್ನುತ್ತಾನೆ. ಇನ್ನೂ ತುಸು ಬಿಟ್ಟು, "ಅದೂ ಮೊದಲಿನ ಹಾಗಿಲ್ಲ ಬಿಡಿ" ಎಂದು ಮುಗಿಸುತ್ತಾನೆ. ಈ ಮೂರು ವಾಕ್ಯ ಇದೇ ಕ್ರಮದಲ್ಲಿ ಬಂದರೆ ಆಸಾಮಿ ಅವನೇ, ಬೇರೆ ಪುರಾವೆ ಬೇಕಿಲ್ಲ.

ಈ ಅಭಿಮಾನಿಯ ಶಕೆ 1998ರಿಂದ ಆರಂಭ. ಆ ವರ್ಷ ದೂರದರ್ಶನದಲ್ಲಿ 'ಮಾಯಾಮೃಗ' ಬಂತು. ನಿರ್ದೇಶಕರು ಮೂವರು: ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ. ಆಮೇಲೆ ಈಟಿವಿಯಲ್ಲಿ 'ಮನ್ವಂತರ', 'ಮುಕ್ತ', 'ಮುಕ್ತ ಮುಕ್ತ', 'ಮಹಾಪರ್ವ'; 2018ರಲ್ಲಿ ಕಲರ್ಸ್ ಸೂಪರ್‌ನಲ್ಲಿ 'ಮಗಳು ಜಾನಕಿ'; 2022ರಲ್ಲಿ ಸಿರಿ ಕನ್ನಡದಲ್ಲಿ 'ಮತ್ತೆ ಮಾಯಾಮೃಗ'. ಕಾನೂನು ಓದಿದ್ದ ಸೀತಾರಾಮ್ ತಾವೇ ಕರಿಕೋಟು ತೊಟ್ಟು ಸಿ.ಎಸ್.ಪಿ. ಎಂಬ ವಕೀಲನ ಪಾತ್ರ ಮಾಡಿದರು. ಅಭಿಮಾನಿಯ ಬಾಯಲ್ಲಿ ಸಿ.ಎಸ್.ಪಿ. ಎಂದೂ ಪಾತ್ರವಾಗಿರಲಿಲ್ಲ. "ನಮ್ಮ ಕೇಸಿಗೆ ಸಿ.ಎಸ್.ಪಿ. ಇದ್ದಿದ್ರೆ" ಎಂದು ಅವನು ನಿಟ್ಟುಸಿರುಬಿಡುವಾಗ ವಕಾಲತ್ತು ಹಾಕಿರುವ ನಿಜವಾದ ವಕೀಲರು ಪಕ್ಕದಲ್ಲೇ ನಿಂತಿರುವುದುಂಟು.

ಕೋರ್ಟ್ ಕಥೆಯ ಹುಚ್ಚು ಈ ಸೀಮೆಗೆ ಇಷ್ಟೊಂದು ಹಿಡಿದಿದ್ದಕ್ಕೆ ಟಿವಿಯೊಂದೇ ಕಾರಣವಲ್ಲ. 1974ರ ಭೂಸುಧಾರಣೆ ತಿದ್ದುಪಡಿಯಾದ ಮೇಲೆ ಮಲೆನಾಡಿನಲ್ಲಿ ಗೇಣಿ ಮಾಡುತ್ತಿದ್ದವರು ಡಿಕ್ಲರೇಷನ್ ಹಾಕಿದರು, ಒಡೆಯರು ತಕರಾರು ಹಾಕಿದರು, ಎಲ್ಲರೂ ಟ್ರಿಬ್ಯೂನಲ್ ಮುಂದೆ ನಿಂತರು. ಆ ಕಾಯ್ದೆಯಲ್ಲಿ ಒಂದು ವಿಶೇಷವಿತ್ತು: ಟ್ರಿಬ್ಯೂನಲ್ ಮುಂದೆ ವಕೀಲರು ಹಾಜರಾಗುವಂತಿರಲಿಲ್ಲ. ಸುಪ್ರೀಂ ಕೋರ್ಟ್ 1987ರಲ್ಲಿ ಆ ನಿರ್ಬಂಧವನ್ನು ತೆಗೆದುಹಾಕಿತು. ಅಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು. ಹತ್ತು ಹನ್ನೆರಡು ವರ್ಷ ಒಡೆಯನೂ ಗೇಣಿದಾರನೂ ತಮ್ಮ ವಾದವನ್ನು ತಾವೇ ಮಂಡಿಸಿ, ಎದುರಿನವನಿಗೆ ತಾವೇ ಪಾಟೀಸವಾಲು ಹಾಕಿ, ಮನೆಗೊಬ್ಬ ಅರ್ಧ ವಕೀಲ ತಯಾರಾಗಿದ್ದ. ಆ ಅರ್ಧ ವಕೀಲರ ಮಕ್ಕಳು ಓದಿ, ಕೆಲಸ ಹಿಡಿದು, ಶಿವಮೊಗ್ಗದ ವಿನೋಬನಗರದಲ್ಲೋ ತಿಲಕನಗರದಲ್ಲೋ ಮನೆ ಮಾಡಿದರು. ಗೇಣಿ ಫೈಲು ಅಟ್ಟ ಸೇರಿತ್ತು, ನಾಲಿಗೆ ಮಾತ್ರ ಹಾಗೇ ಇತ್ತು. ಅದಕ್ಕೆ 'ಮಾಯಾಮೃಗ' ಸಿಕ್ಕಿತು.

ಇದರ ಮೇಲೆ ಊರಿನ ಅಭಿಮಾನ ಬೇರೆ. ಪಿ. ಲಂಕೇಶರ ಮೊದಲ ಸಿನಿಮಾ, 1976ರ 'ಪಲ್ಲವಿ'ಗೆ ಸೀತಾರಾಮ್ ನಾಯಕ. ಲಂಕೇಶರು ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯವರು. ಇಷ್ಟರಿಂದಲೇ ಸೀತಾರಾಮ್ ಅವರನ್ನು ಕಂಡುಹಿಡಿದದ್ದು ಶಿವಮೊಗ್ಗ ಎಂಬ ತೀರ್ಪು ಹೊರಡುತ್ತದೆ. ಇದರ ಮೇಲೆ ಅಪೀಲಿಲ್ಲ.

ಭದ್ರಾವತಿಯ ಪ್ರಭೇದಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡಬೇಕು. ನ್ಯೂಟೌನ್, ಪೇಪರ್ ಟೌನ್‌ಗಳ ಅಭಿಮಾನಿ ಉಕ್ಕಿನ ಕಾರ್ಖಾನೆಯಲ್ಲೋ ಎಂಪಿಎಂ ಕಾಗದ ಕಾರ್ಖಾನೆಯಲ್ಲೋ ಶಿಫ್ಟ್ ಮಾಡಿದವನು. 'ಮಾಯಾಮೃಗ' ಬರುತ್ತಿದ್ದುದು ಸಂಜೆ ಕಾಫಿಯ ಹೊತ್ತಿಗೆ. ಮೊದಲ ಶಿಫ್ಟಿನ ವಾರ ಮನೆಗೆ ಬಂದು ಉಂಡು, ಮಲಗಿ ಎದ್ದು ನೋಡಬಹುದು. ನೈಟ್ ಶಿಫ್ಟಿನ ವಾರ ನೋಡಿಯೇ ಹೊರಡಬಹುದು. ಸೆಕೆಂಡ್ ಶಿಫ್ಟಿನ ವಾರ ಮಾತ್ರ ಏನೂ ಮಾಡುವಂತಿಲ್ಲ. ಆ ವಾರದ ಕಥೆಯನ್ನು ರಾತ್ರಿ ಹತ್ತೂವರೆಗೆ ಸಾರು ಬಡಿಸುತ್ತ ಮನೆಯಾಕೆ ಹೇಳುತ್ತಿದ್ದಳು. "ಇವತ್ತೇನಾಯ್ತು ಗೊತ್ತೇನ್ರೀ" ಎಂದು ಶುರುವಾದ ಕಥೆಯಲ್ಲಿ ಜಾಹೀರಾತಿಲ್ಲ, ಹಿಂದಿನ ಸಂಚಿಕೆಯ ಮರುಪ್ರಸಾರವಿಲ್ಲ, ಒಬ್ಬರ ಮುಖ ನೋಡಿ ಇನ್ನೊಬ್ಬರು ಬೆಚ್ಚುವುದಂತೂ ಇಲ್ಲವೇ ಇಲ್ಲ. ಪಾತ್ರಗಳ ಬಾಯಲ್ಲಿ ಅವರು ಆಡಿದ್ದಕ್ಕಿಂತ ಒಳ್ಳೆಯ ಮಾತು ಇರುತ್ತಿತ್ತು. ಹೀಗೆ ಭದ್ರಾವತಿಯವನು ಕೊಂಡಾಡುವ ಸುವರ್ಣಯುಗದ ಮೂರರಲ್ಲೊಂದು ಪಾಲು ಅಡುಗೆಮನೆಯಲ್ಲಿ ನಿರ್ದೇಶನಗೊಂಡದ್ದು. ಕಾರ್ಖಾನೆಯ ಕೆಲಸ ಮುಗಿದು ಪ್ರತಿ ಸಂಚಿಕೆಯನ್ನೂ ಸ್ವತಃ ಕೂತು ನೋಡತೊಡಗಿದ ಮೇಲೆ ಅವನಿಗೆ ಧಾರಾವಾಹಿ ಸಪ್ಪೆ ಎನಿಸಿತು. ತಪ್ಪು ಸೀತಾರಾಮ್ ಅವರದ್ದು ಎಂದು ಅವನ ವಾದ. ಸಾರು ಬಡಿಸಿದವಳ ಹೆಸರು ಟೈಟಲ್ ಕಾರ್ಡಿನಲ್ಲಿ ಎಲ್ಲೂ ಇರಲಿಲ್ಲವಾದ್ದರಿಂದ ಅವಳನ್ನು ಸಾಕ್ಷಿಗೆ ಕರೆಯಬೇಕೆಂದು ಅವನಿಗೆ ಹೊಳೆದಿಲ್ಲ.

ಗುಣಮಟ್ಟ ಇಳಿದದ್ದು ಎಲ್ಲಿಂದ ಎಂಬುದರ ಬಗ್ಗೆ ಅಭಿಮಾನಿಗಳಲ್ಲಿ ಒಮ್ಮತವಿಲ್ಲ. ಮೂವರು ನಿರ್ದೇಶಕರು ಬೇರೆಯಾದ ದಿನವೇ ಮುಗಿಯಿತು ಎನ್ನುವ ಗುಂಪು ಹಳೆಯದು, ಹಠಮಾರಿ. ಶೇಷಾದ್ರಿಯವರು ಆಮೇಲೆ ಸಿನಿಮಾ ಮಾಡಿ ರಾಷ್ಟ್ರಪ್ರಶಸ್ತಿಗಳನ್ನು ತಂದದ್ದನ್ನು ಇವರು ದಾಖಲೆಯಾಗಿ ಹಾಜರುಪಡಿಸುತ್ತಾರೆ. ಎದುರು ಗುಂಪು ಭೈರಪ್ಪನವರ ಕಾದಂಬರಿಯಿಂದ ಸೀತಾರಾಮ್ ಒಬ್ಬರೇ ಮಾಡಿದ 'ಮತದಾನ'ವನ್ನು ಮುಂದಿಡುತ್ತದೆ. 'ಮುಕ್ತ'ದವರೆಗೆ ಸರಿಯಿತ್ತು ಎನ್ನುವವರು ಮಿತವಾದಿಗಳು. 'ಮಗಳು ಜಾನಕಿ'ಯಿಂದ ನೋಡಲು ಶುರುಮಾಡಿ ಅದೇ ಶ್ರೇಷ್ಠ ಎನ್ನುವ ನಲವತ್ತರ ಆಸುಪಾಸಿನ ಬ್ಯಾಂಕ್ ನೌಕರರೂ ಇದ್ದಾರೆ. ಇವರನ್ನು ಹಿರಿಯರು ಚರ್ಚೆಗೆ ಸೇರಿಸಿಕೊಳ್ಳುತ್ತಾರೆ, ಮಾತಾಡಲು ಬಿಡುವುದಿಲ್ಲ.

ವಾದ ಕಾವೇರುವುದು ಬೀಗರ ನಡುವೆ. ಶಿವಮೊಗ್ಗದ ಹುಡುಗಿ, ಭದ್ರಾವತಿಯ ಹುಡುಗ ಸಾಮಾನ್ಯ ಸಂಬಂಧ. ನಡುವೆ ಇರುವುದು ಸುಮಾರು 20 ಕಿಲೋಮೀಟರ್ ಬಿ.ಎಚ್. ರಸ್ತೆ. ಬೀಗರಾದ್ದರಿಂದ ಜಗಳಕ್ಕೂ ಮರ್ಯಾದೆಯ ಚೌಕಟ್ಟಿರುತ್ತದೆ.

"ಬೀಗ್ರೇ, ಮುಕ್ತದಲ್ಲಿ ಸಿ.ಎಸ್.ಪಿ. ಒಂದ್ ಪ್ರಶ್ನೆ ಕೇಳಿದ್ರೆ ಕಟಕಟೆಯಲ್ಲಿ ನಿಂತೋನು ಬೆವರೋನು."

"ಬೆವರೋನು, ಇಲ್ಲ ಅನ್ನಲ್ಲ. ಆದ್ರೆ ಉತ್ತರ ಹೇಳೋಕೆ ಸೋಮವಾರ ಆಗ್ತಿತ್ತಲ್ಲ ಮಾರಾಯ್ರೆ."

ಭದ್ರಾವತಿಯವರ ಈ ಆಕ್ಷೇಪಣೆಯಲ್ಲಿ ಹುರುಳಿದೆ. ಅಮೆರಿಕದ ಪೆರಿ ಮೇಸನ್ 1957ರಿಂದ 1966ರವರೆಗೆ ಟಿವಿಯಲ್ಲಿ ವಾದಿಸಿದ. ಅವನ ಒಂದು ಕೇಸು ಒಂದು ಗಂಟೆಯಲ್ಲಿ ತೀರ್ಮಾನವಾಗುತ್ತಿತ್ತು. ಹಿಂದಿಯ 'ಅದಾಲತ್'ನಲ್ಲಿ ಕೆ.ಡಿ. ಪಾಠಕ್ ಕೂಡ ಹೆಚ್ಚು ವಾಯಿದೆ ಕೇಳಿದವನಲ್ಲ. ಕನ್ನಡದ ದಿನನಿತ್ಯದ ಧಾರಾವಾಹಿಯಲ್ಲಿ ವಿಚಾರಣೆ ವಾರಗಟ್ಟಲೆ ನಡೆಯುತ್ತದೆ. ಅರ್ಧ ಗಂಟೆಯಲ್ಲಿ ಜಾಹೀರಾತು ಕಳೆದು ಉಳಿದಷ್ಟರಲ್ಲಿ ಕೋರ್ಟಿನ ಜೊತೆ ಎರಡು ಮನೆ, ಒಂದು ರಾಜಕೀಯ, ಒಂದು ಮದುವೆ ಸಾಗಬೇಕು. ನಾಳೆಯೂ ಜನ ಬರಬೇಕಾದರೆ ಇವತ್ತಿನ ಪ್ರಶ್ನೆ ಗಾಳಿಯಲ್ಲಿ ತೂಗಬೇಕು. ದಿನಕ್ಕೊಂದು ಸಂಚಿಕೆಯ ಲೆಕ್ಕಾಚಾರವೇ ಹೀಗೆ, ಬರೆಯುವವರು ಯಾರೇ ಆದರೂ. ಆದರೆ ಈ ದೂರು ಕೊಡುವವನ ಅರ್ಹತೆಯನ್ನೂ ನೋಡಬೇಕು. ಕಾಂಪೌಂಡ್ ಗೋಡೆಯ ಬಗ್ಗೆ ಪಕ್ಕದ ಮನೆಯವನ ಮೇಲೆ ಅವನು ಹಾಕಿದ ದಾವಾ 'ಮನ್ವಂತರ'ದ ಕಾಲದಲ್ಲಿ ದಾಖಲಾಗಿ, 'ಮಹಾಪರ್ವ'ದ ಹೊತ್ತಿಗೆ ಇಶ್ಯೂ ಫ್ರೇಮ್ ಆಗಿ, ಈಗ ಸಾಕ್ಷಿ ಹಂತದಲ್ಲಿದೆ.

ಅಭಿಮಾನಿಗಳಲ್ಲಿ ಎಲ್ಲರೂ ಹೆದರುವುದು ಕೋರ್ಟಿನಿಂದಲೇ ನಿವೃತ್ತರಾದ ಶಿರಸ್ತೇದಾರರಿಗೆ. ಇವರು ಕಥೆ ನೋಡುವುದಿಲ್ಲ, ಕಲಾಪ ನೋಡುತ್ತಾರೆ. ಮುಖ್ಯ ವಿಚಾರಣೆಯಲ್ಲಿ ಉತ್ತರ ಸೂಚಿಸುವ ಪ್ರಶ್ನೆ ಕೇಳಬಾರದು, ಪಾಟೀಸವಾಲಿನಲ್ಲಿ ಕೇಳಬಹುದು ಎಂಬ ಸಾಕ್ಷ್ಯ ಕಾಯ್ದೆಯ ನಿಯಮ ಮುರಿದರೆ ಇವರಿಗೆ ಆ ರಾತ್ರಿ ಊಟ ಸೇರದು. ಭಗವದ್ಗೀತೆಯ ಮೇಲೆ ಕೈಯಿಟ್ಟು ಪ್ರಮಾಣ ಮಾಡಿಸುವ ಸಿನಿಮಾಗಳನ್ನು, ನಮ್ಮ ನ್ಯಾಯಾಧೀಶರ ಮೇಜಿನ ಮೇಲೆ ಯಾರೂ ಕಾಣದ ಮರದ ಸುತ್ತಿಗೆಯನ್ನು ಇವರು ನಲವತ್ತು ವರ್ಷಗಳಿಂದ ಖಂಡಿಸುತ್ತಿದ್ದಾರೆ. ಸೀತಾರಾಮ್ ಬಗ್ಗೆ ಮಾತ್ರ ಕೊಂಚ ಮೃದು: "ಆ ಮನುಷ್ಯನಿಗೆ ಕೋರ್ಟ್ ಗೊತ್ತು. ಗೊತ್ತಿದ್ದೂ ಹೀಗೆ ಮಾಡ್ತಾರಲ್ಲ ಅಂತ ಸಂಕಟ." 2024ರ ಜುಲೈ 1ರಿಂದ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದು ಕಲಮುಗಳ ಸಂಖ್ಯೆಯೆಲ್ಲ ಬದಲಾದಾಗ ಶಿರಸ್ತೇದಾರರು ಕೆಲವು ದಿನ ಮೌನವಾಗಿದ್ದರು. ಊರು ಆ ದಿನಗಳನ್ನು ನೆಮ್ಮದಿಯಿಂದ ಕಳೆಯಿತು.

ನಿಜವಾದ ಕೋರ್ಟ್ ಈ ಅಭಿಮಾನಿಯನ್ನು ಸದಾ ನಿರಾಶೆಗೊಳಿಸಿದೆ. ಒಮ್ಮೆ ಸಾಕ್ಷಿಯಾಗಿ ಸಮನ್ಸ್ ಬಂದಾಗ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, "ಯುವರ್ ಆನರ್" ಎಂದು ಆರಂಭವಾಗುವ ಪುಟ್ಟ ಭಾಷಣವನ್ನು ಬಾಯಿಪಾಠ ಮಾಡಿಕೊಂಡು ಹೋಗಿರುತ್ತಾನೆ. ಮಧ್ಯಾಹ್ನದವರೆಗೆ ಕಾರಿಡಾರಿನ ಬೆಂಚು. ಒಳಗೆ ಹೋದರೆ ಫ್ಯಾನಿನ ಸದ್ದಿಗೆ ವಕೀಲರ ಮಾತು ಕೇಳದು, ಹಿನ್ನೆಲೆ ಸಂಗೀತವಂತೂ ಇಲ್ಲ. ಮೂರು ಪ್ರಶ್ನೆ ಕೇಳಿದರು, ಮೂರಕ್ಕೂ ಹೌದು ಅಥವಾ ಅಲ್ಲ ಎಂದರೆ ಸಾಕಿತ್ತು. ನಾಲ್ಕನೆಯ ಮಾತು ತೆಗೆಯುವಷ್ಟರಲ್ಲಿ "ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ" ಎಂದು ಪೀಠದಿಂದ ಅಪ್ಪಣೆಯಾಯಿತು. ಆ ರಾತ್ರಿ ಅವನು ಧಾರಾವಾಹಿಯನ್ನು ತಕರಾರಿಲ್ಲದೆ ನೋಡಿದ. ಮಾರನೆಯ ದಿನ ತಕರಾರು ಮತ್ತೆ ಶುರು.

ಈ ಅಭಿಮಾನದ ನಿಜ ಹೊರಬಿದ್ದದ್ದು 2020ರ ಲಾಕ್‌ಡೌನ್‌ನಲ್ಲಿ. ಚಿತ್ರೀಕರಣ ನಿಂತು, 'ಮಗಳು ಜಾನಕಿ' ಅರ್ಧಕ್ಕೇ ಮುಗಿಯಿತು. ಎರಡು ವರ್ಷ ಪ್ರತಿ ರಾತ್ರಿ ಬೈದವನೇ ಹೆಚ್ಚು ಕಂಗಾಲಾದ. ಧಾರಾವಾಹಿಯ ಖಳ ಚಂದು ಬಾರ್ಗಿಗೆ ಶಿಕ್ಷೆಯಾಗದೆ ಕಥೆ ನಿಲ್ಲುವುದೆಂದರೆ ಏನು, ಇದಕ್ಕೆ ಸ್ಟೇ ತರಲು ಬರುವುದಿಲ್ಲವೇ ಎಂದು ಶಿರಸ್ತೇದಾರರಿಗೆ ಫೋನ್ ಮಾಡಿದ. ಬರುವುದಿಲ್ಲ ಎಂದು ಅವರು ಕಲಂ ಸಮೇತ ವಿವರಿಸಿದರು. ಅವರ ದನಿಯೂ ಅಷ್ಟು ಗಟ್ಟಿಯಾಗಿರಲಿಲ್ಲ. 'ಮತ್ತೆ ಮಾಯಾಮೃಗ' ಘೋಷಣೆಯಾದಾಗ ಎರಡೂ ಊರುಗಳ ಅಭಿಮಾನಿಗಳು ಸಿರಿ ಕನ್ನಡ ಎಷ್ಟನೇ ನಂಬರಿನಲ್ಲಿ ಬರುತ್ತದೆಂದು ಕೇಬಲ್ ಹುಡುಗನನ್ನು ಪೀಡಿಸಿ, ಮೊದಲ ಸಂಚಿಕೆಗೆ ಅರ್ಧ ಗಂಟೆ ಮುಂಚೆಯೇ ಕೂತಿದ್ದರು. ಸಂಚಿಕೆ ಮುಗಿಯುವ ಮೊದಲೇ ತೀರ್ಪು ಬಂತು. ಯಾವ ತೀರ್ಪೆಂದು ಬೇರೆ ಹೇಳಬೇಕಿಲ್ಲ. ಮರುದಿನವೂ ನೋಡಿದರು.

ಇಂಥವರ ಪರಿಚಯ ಬಯಸುವವರು ಸೀತಾರಾಮ್ ಹೆಸರು ಎತ್ತಿದರೆ ಸಾಕು, ಕಾಫಿ ತಾನಾಗಿ ಬರುತ್ತದೆ. ಯಾವಾಗಿನಿಂದ ಕೆಟ್ಟಿತು ಎಂದು ಮಾತ್ರ ಕೇಳಬಾರದು. ಕೇಳುವುದೇ ಆದರೆ ಅಂದಿನ ರೈಲಿಗೆ ಟಿಕೆಟ್ ತೆಗೆದಿರಬಾರದು.