ಬೆಣ್ಣೆದೋಸೆ ಊರಿಗೆ ಮೇಪಲ್ ಮರ

ದಾವಣಗೆರೆಯಲ್ಲಿ 30-40ರ ಸೈಟಿನ ತುಂಬ ಮನೆ ಕಟ್ಟಿ, ಗೇಟಿನ ಪಕ್ಕ ಉಳಿದ ಅಂಗೈಯಗಲ ಜಾಗಕ್ಕೆ ಜಪಾನಿನ ಮೇಪಲ್ಲೇ ಬೇಕೆನ್ನುವವರ ರಸಿಕತೆಗೆ ನಮಸ್ಕಾರ. ಆದರೆ ಆ ಗಿಡಕ್ಕೆ ಎಲೆ ಉದುರಿಸಿ ವಾರಗಟ್ಟಲೆ ನಿದ್ದೆ ಹೊಡೆಯಲು ಕೊರೆಯುವ ಚಳಿ ಬೇಕು. ಎಲೆ ಕೆಂಪಾಗುವುದೂ ಕುಗ್ಗುವ ಹಗಲು, ತಣ್ಣನೆಯ ರಾತ್ರಿಗಳ ಕೃಪೆಯಿಂದಲೇ. ನಮ್ಮಲ್ಲಿ ಡಿಸೆಂಬರಿನಲ್ಲೂ ಸ್ವೆಟರು ಬೆಳಗಿನ ವಾಕಿಂಗಿಗಷ್ಟೇ ಹೊರಬರುತ್ತದೆ. ಏಪ್ರಿಲ್ ಬಿಸಿಲಿಗಂತೂ ಮೇಪಲ್ ಎಲೆಯ ಅಂಚು ಮಂಡಕ್ಕಿ ಜೊತೆಗಿನ ಮೆಣಸಿನಕಾಯಿಯಂತೆ ಗರಿಗರಿಯಾದೀತು. ಕುಂಡದಲ್ಲಿಟ್ಟು ನೆರಳಿಗೆ ಎಳೆದರಾಯಿತಲ್ಲ ಎನ್ನಬಹುದು. ನೆರಳು ಬಿಸಿಲನ್ನು ತಡೆದೀತು, ಚಳಿಯನ್ನು ಎಲ್ಲಿಂದ ತಂದೀತು? ಗಿಡಕ್ಕೊಂದು ಫ್ರಿಜ್ ಕೊಳ್ಳುವವರಿದ್ದರೆ ಬೇರೆ ಮಾತು.

ಕೆಂಪೆಲೆಯೇ ಬೇಕೆಂದರೆ ನಮ್ಮ ಬೀದಿಬದಿಯ ಬಾದಾಮಿ ಮರ ಉದುರುವ ಮುನ್ನ ಬಿಟ್ಟಿಯಾಗಿ ಕೆಂಪಾಗುತ್ತದೆ. ಅಂಗಳಕ್ಕೆ ಮಾತ್ರ ಅದು ದೊಡ್ಡದಾಯಿತು. ಅಲ್ಲಿಗೆ ಪಾರಿಜಾತವೇ ಸರಿ. ಎರೆಮಣ್ಣಾದರೆ ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ, ಬುಡದಲ್ಲಿ ನೀರು ನಿಲ್ಲದಂತೆ ನೋಡಿಕೊಂಡರೆ ಸಾಕು. ಬೆಳಗಾಗುವಷ್ಟರಲ್ಲಿ ಕೇಸರಿ ತೊಟ್ಟಿನ ಬಿಳಿ ಹೂಗಳೆಲ್ಲ ನೆಲದ ಮೇಲೆ! ಗುಡಿಸುವವರಾರು ಎಂಬ ಆಕ್ಷೇಪಕ್ಕೂ ಉತ್ತರವಿದೆ: ನೆಲಕ್ಕೆ ಬಿದ್ದರೂ ಪೂಜೆಗೆ ಸಲ್ಲುವ ಹೂವಿದು, ಗುಡಿಸುವ ಬದಲು ಆರಿಸಿ. ಹರಿಹರದವರಿಗೆ ಇನ್ನೂ ಲಾಭ. ಅಲ್ಲಿ ಹರಿಯೂ ಹರನೂ ಒಂದೇ ವಿಗ್ರಹದಲ್ಲಿರುವುದರಿಂದ ಒಂದು ಬೊಗಸೆ ಇಬ್ಬರಿಗೂ ಸಾಕು. ಜೂನ್ ಮಳೆ ಬಿದ್ದೊಡನೆ ಪಾರಿಜಾತ ನೆಡಿ, ಮೇಪಲ್ಲನ್ನು ಕ್ಯಾಲೆಂಡರಿನಲ್ಲಿ ನೋಡಿ.