ಮುಚ್ಚಿ ಮುಗಿಸುವ ಸಾಹೇಬರು

ಮೈಸೂರಿನ ಯಾವ ಬಡಾವಣೆಗೆ ಹೋದರೂ ಬೀದಿಗೊಬ್ಬ ನಿವೃತ್ತ ಇಂಜಿನಿಯರ್ ಸಿಗುತ್ತಾರೆ. ಅಂಗಿ ಜೇಬಿನಲ್ಲಿ ಪೆನ್ನು, ಪ್ಯಾಂಟಿನ ಜೇಬಿನಲ್ಲಿ ಅಳತೆ ಟೇಪು. ಪಕ್ಕದ ಮನೆಯವರು ಕಾಂಪೌಂಡ್ ಎತ್ತಿಸುತ್ತಿದ್ದರೆ ಕೈ ಹಿಂದೆ ಕಟ್ಟಿಕೊಂಡು ಬಂದು ನಿಂತು, ಯಾರೂ ಕೇಳದಿದ್ದರೂ ‘ತಳ ಸರಿಯಿಲ್ಲ’ ಎಂದು ಹೇಳಿ ಹೋಗುತ್ತಾರೆ. ನಮ್ಮ ಬೀದಿಯ ಸಾಹೇಬರೂ ಇದೇ ಪಂಗಡದವರು. ಊರವರ ಮನೆಯ ತಳವೆಲ್ಲ ಅವರಿಗೆ ಕಾಣುತ್ತದೆ. ಸ್ವಂತ ಮನೆಗೆ ಬಂದಾಗ ಮಾತ್ರ ಅವರು ಏನನ್ನೂ ರಿಪೇರಿ ಮಾಡುವುದಿಲ್ಲ, ಮುಚ್ಚುತ್ತಾರೆ.

ಗೋಡೆಗೆ ತೇವ ಬಂದರೆ ವಾಲ್‌ಪೇಪರ್. ಸೋಫಾ ಹರಿದರೆ ಬೆಡ್‌ಷೀಟು. ಊಟದ ಮೇಜಿನ ಕಾಲು ಅಲುಗಿದರೆ ನೆಲ ಮುಟ್ಟುವ ಮೇಜುಬಟ್ಟೆ. ಅವರದು ರಸ್ತೆ ಕಾಮಗಾರಿಯಲ್ಲೇ ಸವೆದ ಜೀವ. ಗುಂಡಿ ಬಿದ್ದ ರಸ್ತೆಯ ತಳ ಕೆದಕಿದರೆ ಅಂದಾಜುಪಟ್ಟಿ ಬದಲಾಗಬೇಕು, ಅದು ಬದಲಾದರೆ ಫೈಲು ಮೇಲಕ್ಕೆ ಹೋಗಬೇಕು, ಹೋದ ಫೈಲು ಕೆಳಗಿಳಿಯಬೇಕು. ಮೇಲೊಂದು ಡಾಂಬರಿನ ಪದರ ಎಳೆದುಬಿಟ್ಟರೆ ಸಂಜೆಯೊಳಗೆ ಸುಖ. ಪದರದ ಮೇಲೆ ಪದರ ಬಿದ್ದು ರಸ್ತೆಯೇ ಎತ್ತರವಾಗಿ, ಮನೆಗಳ ಹೊಸ್ತಿಲು ಕೆಳಗಾಗಿ ಹೋದ ಬೀದಿಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಸಾಹೇಬರು ನಿವೃತ್ತರಾದರು, ಪದ್ಧತಿ ಆಗಲಿಲ್ಲ. ಅದು ಅವರ ಜೊತೆಗೇ ಹಿತ್ತಲಿಗೆ ಬಂತು.

ಹಿತ್ತಲಲ್ಲಿ ಇಪ್ಪತ್ತಡಿ ಉದ್ದ, ಹತ್ತಡಿ ಅಗಲದ ಚಪ್ಪಡಿಕಲ್ಲಿನ ಅಂಗಳ; ಅವರ ತಂದೆಯವರು ಹಾಸಿಸಿದ್ದು. ಆ ಮನೆಯ ಹಪ್ಪಳ ಸಂಡಿಗೆ ಒಣಗಿದ್ದು, ದೀಪಾವಳಿಯ ಹಂಡೆ ತೊಳೆದದ್ದು, ಮಕ್ಕಳು ಕುಂಟೆಬಿಲ್ಲೆ ಆಡಿದ್ದು ಎಲ್ಲ ಅಲ್ಲೇ. ಕಾಲ ಕಳೆದಂತೆ ಎರಡು ಚಪ್ಪಡಿ ಕುಸಿದವು, ಸಂದಿನಲ್ಲಿ ಗರಿಕೆ ಎದ್ದಿತು, ಮೂಲೆಗೆ ಪಾಚಿ ಹಿಡಿಯಿತು. ಮೇಸ್ತ್ರಿ ಬಂದು ನೋಡಿದ.

‘ಇದೇನು ಮಹಾ ಸಾರ್, ಈ ಎರಡು ಕಲ್ಲು ಮೀಟಿ ಎತ್ತೋದು, ಕೆಳಗೆ ಎಂ-ಸ್ಯಾಂಡ್ ತುಂಬಿ ಮಟ್ಟ ನೋಡಿ ಕೂರಿಸೋದು. ಸಂದಿಗೆಲ್ಲ ಸಿಮೆಂಟು. ಒಂದು ದಿನದ ಕೆಲಸ.’

ಸಾಹೇಬರ ಮುಖ ಬಾಡಿತು. ಒಂದು ದಿನದಲ್ಲಿ ಮುಗಿಯುವ ಕಾಮಗಾರಿಯನ್ನು ಅವರು ಇಡೀ ಸೇವಾವಧಿಯಲ್ಲಿ ಕಂಡವರಲ್ಲ.

ಆ ರಾತ್ರಿ ಮೊಬೈಲಿನಲ್ಲಿ ಅವರಿಗೆ ಜಪಾನಿನ ಕ್ಯೋಟೋ ನಗರದ ರ್ಯೋಆನ್‌ಜಿ ದೇವಾಲಯದ ಕಲ್ಲುತೋಟ ಕಾಣಿಸಿತು. ಬಿಳಿ ಜಲ್ಲಿಯ ಹಾಸು, ನಡುನಡುವೆ 15 ಬಂಡೆ, ಜಗಲಿಯ ಮೇಲೆ ಎಲ್ಲಿ ಕೂತರೂ ಒಂದಾದರೂ ಬಂಡೆ ಮರೆಯಾಗುವಂಥ ಜೋಡಣೆ. ‘ಮರೆಯಾಗುವ’ ಎಂಬ ಮಾತೊಂದೇ ಸಾಹೇಬರಿಗೆ ಸಾಕಾಯಿತು. ಬೆಳಿಗ್ಗೆ ಕಾಫಿ ಹೊತ್ತಿಗೆ ಘೋಷಣೆ ಹೊರಬಿತ್ತು: ‘ಝೆನ್! ಗಿಡ ಬೇಡ, ನೀರು ಬೇಡ, ನಿರ್ವಹಣೆಯ ಪ್ರಶ್ನೆಯೇ ಇಲ್ಲ.’

‘ರೀ, ನಮ್ಮ ಹಿತ್ತಲಲ್ಲಿ ಎಲ್ಲಿ ನಿಂತ್ರೂ ವಾಷಿಂಗ್ ಮಷೀನ್ ಕಾಣುತ್ತಲ್ಲ, ಅದಕ್ಕೇನು ಮಾಡ್ತೀರಿ?’ ಎಂದರು ಅಮ್ಮಾವ್ರು.

‘ಅದಕ್ಕೂ ಒಂದು ಕವರ್ ತರ್ತೀನಿ.’

ಲೆಕ್ಕದಲ್ಲಿ ಸಾಹೇಬರನ್ನು ಹಿಡಿಯುವಂತಿಲ್ಲ. 200 ಚದರ ಅಡಿ, 2 ಅಂಗುಲ ದಪ್ಪ, 33 ಘನ ಅಡಿ ಚಿಲ್ಲರೆ, ತೂಕ ಸುಮಾರು ಒಂದೂವರೆ ಟನ್, 50 ಕೆ.ಜಿ.ಯ ಚೀಲವಾದರೆ 30. ಹಳೇ ಡೈರಿಯನ್ನೇ ಅಳತೆ ಪುಸ್ತಕ ಮಾಡಿ ಇಷ್ಟನ್ನೂ ಬರೆದು, ‘ಪರಿಶೀಲಿಸಿದೆ’ ಎಂಬಲ್ಲಿ ಹೆಂಡತಿಯ ಸಹಿ ಕೇಳಿದರು. ‘ಕಲ್ಲು ಕೊಳ್ಳೋಕೆ ನನ್ನ ಸಹಿ ಬೇರೆ ಕೇಡು’ ಎಂದು ಅವರು ಒಳಗೆ ಹೋದರು. ಸಾಹೇಬರು ಷರಾ ಬರೆದರು: ‘ಸಹಿ ನಿರಾಕರಿಸಲಾಗಿದೆ. ಕಾಮಗಾರಿ ತುರ್ತಾದ್ದರಿಂದ ಮುಂದುವರಿಸಲಾಗಿದೆ.’

ಮೇಸ್ತ್ರಿ ಕೊನೇ ಪ್ರಯತ್ನ ಮಾಡಿದ. ‘ಹಾಕೋದೇ ಆದ್ರೆ 12 ಎಂ.ಎಂ. ಜಲ್ಲಿ ಹಾಕಿ ಸಾರ್. ಮೂಲೆ ಇರೋ ಕಲ್ಲು ಒಂದಕ್ಕೊಂದು ಕಚ್ಕೊಳ್ಳುತ್ತೆ, ಗುಂಡಗಿರೋದು ಕಾಲಿಟ್ರೆ ಉರುಳುತ್ತೆ. ಸುತ್ತ ಚಿಕ್ಕ ಕಟ್ಟೆ ಕಟ್ಟಿ. ನೀರು ಹೋಗೋ ಕಂಡಿಗೆ ಜಾಲರಿ ಇರ್ಲಿ.’

ಜೀವಮಾನವೆಲ್ಲ ಜಲ್ಲಿ ಅಳೆದವರಿಗೆ ಮನೆಯಲ್ಲೂ ಜಲ್ಲಿಯೇ? ಪಾಲಿಶ್ ಮಾಡಿದ ಬಿಳಿ ಗುಂಡುಕಲ್ಲೇ ಬಂತು. ಕಟ್ಟೆ ‘ಎರಡನೇ ಹಂತ’ಕ್ಕೆ ಹೋಯಿತು. ಜಾಲರಿ ‘ಅನುದಾನದ ಲಭ್ಯತೆಗೆ ಒಳಪಟ್ಟು’ ನಿಂತಿತು. ಗರಿಕೆ ತಡೆಯಲು ನೀರು ಇಳಿಯುವಂಥ ಜಿಯೋಟೆಕ್ಸ್‌ಟೈಲ್ ಬಟ್ಟೆ ಸಿಗುತ್ತದೆ. ಸಾಹೇಬರು ಅಟ್ಟದ ಮೇಲಿದ್ದ ನೀಲಿ ಟಾರ್ಪಾಲು ಹಾಸಿದರು. ಕುಸಿದ ಚಪ್ಪಡಿಗಳು ಅದರಡಿಯಲ್ಲಿ ಕುಸಿದಂತೆಯೇ ಉಳಿದವು. ಬೀದಿಯವರಿಗೆಲ್ಲ ಕೇಸರಿಬಾತು ಹಂಚಿ ಲೋಕಾರ್ಪಣೆಯೂ ಆಯಿತು.

ನಿರ್ವಹಣೆ ಶುರುವಾದದ್ದು ಮರುದಿನದಿಂದ. ಕೆಲಸದಾಕೆ ಕಡ್ಡಿಪೊರಕೆ ಹಿಡಿದು ಬಂದವಳು, ‘ಅಮ್ಮಾ, ಇದರಲ್ಲಿ ಕಸ ಯಾವುದು, ಕಲ್ಲು ಯಾವುದು?’ ಎಂದು ಕೇಳಿ ಪೊರಕೆಯನ್ನು ಮೂಲೆಗೆ ಒರಗಿಸಿದಳು. ಹೊಂಗೆಮರ ಮೊದಲು ಎಲೆ ಉದುರಿಸಿತು, ಆಮೇಲೆ ಹೂವು. ಸಾಹೇಬರು ಮಣೆ ಹಾಕಿಕೊಂಡು ಕೂತು ಒಂದೊಂದಾಗಿ ಹೆಕ್ಕಿದರು. ಕ್ಯೋಟೋದ ಸನ್ಯಾಸಿಗಳಂತೆ ಗೆರೆ ಎಳೆಯಲು ರೇಕು ತಂದರು. ಅಲ್ಲಿನದು ಮೂಲೆಯಿರುವ ಸಣ್ಣ ಜಲ್ಲಿ, ಗೆರೆ ನಿಲ್ಲುತ್ತದೆ. ಇಲ್ಲಿನ ಗುಂಡುಕಲ್ಲು ರೇಕು ದಾಟುತ್ತಲೇ ಉರುಳಿ ಗೆರೆ ಅಳಿಸಿ ಸ್ವಸ್ಥಾನ ಸೇರುತ್ತಿತ್ತು. ಬೀದಿಯ ಬೆಕ್ಕುಗಳಿಗೆ ಮಾತ್ರ ಕಾಮಗಾರಿ ಒಪ್ಪಿಗೆಯಾಯಿತು. ಕೆದಕಲು ಸಡಿಲ, ಮುಚ್ಚಲು ಸುಲಭ. ಈ ವಿಚಾರದಲ್ಲಿ ಅವುಗಳದ್ದೂ ಸಾಹೇಬರದ್ದೂ ಒಂದೇ ಸಿದ್ಧಾಂತ.

ಸಾಹೇಬರ ತಾಯಿಗೆ ತೊಂಬತ್ತರ ಹತ್ತಿರ. ಊರುಗೋಲು ಊರಿದರು, ಅದು ಕಲ್ಲಿನೊಳಗೆ ಇಳಿಯಿತು. ‘ನಿಮ್ಮಪ್ಪ ನಡೆಯೋಕೆ ಹಾಸಿಸಿದ್ದು ಕಣೋ, ನೀನು ಬೀಳೋಕೆ ಹಾಸಿದೀಯ’ ಎಂದು ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡರು.

ಮೊದಲ ದೊಡ್ಡ ಮಳೆಗೆ ಉಳಿದದ್ದೂ ಬಯಲಾಯಿತು. ಹತ್ತಡಿಗೆ ಒಂದರಿಂದ ಒಂದೂವರೆ ಅಂಗುಲ ಇಳಿಜಾರಿದ್ದರೆ ಅಂಗಳದ ನೀರು ತಾನಾಗಿ ಹೋಗುತ್ತದೆ. ತಂದೆಯವರು ಅದನ್ನು ಕೊಟ್ಟೇ ಹಾಸಿಸಿದ್ದರು. ಆದರೆ ಆ ಇಳಿಜಾರಿನಲ್ಲೇ ಉರುಳಿಹೋದ ಗುಂಡುಕಲ್ಲು ಕಂಡಿಯಲ್ಲಿ ಗಟ್ಟಿಯಾಗಿ ಕೂತಿತ್ತು. ಟಾರ್ಪಾಲು ಹನಿ ನೀರನ್ನೂ ಕೆಳಗೆ ಬಿಡಲಿಲ್ಲ. ನೆಲ ಎರಡಂಗುಲ ಮೇಲೆದ್ದದ್ದರಿಂದ ಅಡುಗೆಮನೆಯ ಹೊಸ್ತಿಲು ಅಷ್ಟೇ ಕೆಳಗಾಗಿತ್ತು. ನೀರು ಒಳಗೆ ಬಂತು. ಸಾಹೇಬರು ಪಂಚೆ ಎತ್ತಿ ಕಟ್ಟಿ, ‘ಒಳಹರಿವು ಹೆಚ್ಚಿದೆ’ ಎಂದು ವರದಿ ಕೊಟ್ಟರು. ಅಮ್ಮಾವ್ರು ಬಕೆಟ್ಟು ಕೈಗೆ ಕೊಟ್ಟು ಹೊರಹರಿವಿನ ಹೊಣೆ ವಹಿಸಿದರು.

ಆಷಾಢ ಮುಗಿಯುವಷ್ಟರಲ್ಲಿ ಬಿಳಿಕಲ್ಲು ಹಸಿರಾಗಿತ್ತು. ಈಗಲಾದರೂ ಎತ್ತಿಸುತ್ತಾರೆಂದು ಬೀದಿಯೇ ಕಾದಿತ್ತು. ಆಟೋದಲ್ಲಿ ಬಂದಿಳಿದದ್ದು ಪ್ಲಾಸ್ಟಿಕ್ ಹುಲ್ಲಿನ ಉದ್ದನೆಯ ಸುರುಳಿ. ‘ಹಸಿರೇ ಆಗ್ಬೇಕು ಅಂತಿದ್ರೆ ಆಗ್ಲಿ’ ಎಂದು ಸಾಹೇಬರು ಕಲ್ಲಿನ ಮೇಲೆ ಅದನ್ನೂ ಹಾಸಿ ಮುಗಿಸಿದರು.

ನಿಮ್ಮ ಮನೆಯಲ್ಲೂ ಹಳೇ ಚಪ್ಪಡಿ ಅಂಗಳವಿದ್ದರೆ ಮೇಸ್ತ್ರಿಯ ಮಾತು ಕೇಳಿ: ಅಲುಗುವ ಕಲ್ಲನ್ನು ಮೊದಲು ಎತ್ತಿ ಕೂರಿಸಿ, ನೀರಿಗೆ ದಾರಿ ಬಿಡಿ. ಆಮೇಲೂ ಕಲ್ಲು ಸುರಿಯುವ ಆಸೆ ಉಳಿದರೆ ದುಡ್ಡು ಕೊಟ್ಟು ತರಬೇಡಿ. ಸಾಹೇಬರು ಬೆಳಗಿನ ವಾಕಿಂಗಿಗೆ ಹೋದ ಹೊತ್ತಿಗೆ ನಮ್ಮ ಬೀದಿಗೆ ಬನ್ನಿ. ಹಿತ್ತಲ ಬಾಗಿಲನ್ನು ಅಮ್ಮಾವ್ರೇ ತೆಗೆದಿಟ್ಟಿರುತ್ತಾರೆ. ಮೂವತ್ತು ಚೀಲವೂ ಪುಕ್ಕಟೆ, ಸಾಗಣೆ ಖರ್ಚು ಮಾತ್ರ ನಿಮ್ಮದು.