ಸ್ವಯಂಚಾಲಿತ ಗೇರುವ್ಯಾಧಿ ನಿದಾನ: ಆದವಾನಿ ಪಾಠ

ಹಳೆಯ ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್‌ಗೆ ಬರುವ ರೋಗಗಳನ್ನು ಕುರಿತು ಲೋಕದಲ್ಲಿ ಗ್ರಂಥಗಳಿಗೆ ಬರವಿಲ್ಲ. ಆದರೆ ಅವೆಲ್ಲ ತಂಪು ದೇಶದವರು ಬರೆದವು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ, ಸುಗ್ಗಿಯಲ್ಲಿ ಹತ್ತಿಲಾರಿಯ ಹಿಂದೆ ತೆವಳಬೇಕಾದ, ಮೆಕ್ಯಾನಿಕ್ ತೆಲುಗಿನಲ್ಲಿ ಬೈದು ಕನ್ನಡದಲ್ಲಿ ಬಿಲ್ಲು ಹೇಳುವ ಆದವಾನಿ ಸೀಮೆಗೆ ಅವು ಹೊಂದುವುದಿಲ್ಲ. ಆ ಕೊರತೆ ನೀಗುವುದೇ ಈ ಪ್ರಬಂಧದ ಪ್ರಯೋಜನ. ವಿಷಯ, ಗೇರು. ಅಧಿಕಾರಿ, ಸೆಕೆಂಡ್‌ಹ್ಯಾಂಡ್ ಆಟೋಮ್ಯಾಟಿಕ್ ಕೊಂಡವನು. ಸಂಬಂಧ, ಸಾಲ.

ಮೂಲಸೂತ್ರ ಒಂದೇ: ಇಳಿಸುವುದು ಕೊನೆಗೆ. ಇದರ ವೃತ್ತಿ ಹೀಗೆ. ಕಾರು ಎಂಥ ಸದ್ದು ಮಾಡಿದರೂ ಗ್ಯಾರೇಜಿನಲ್ಲಿ ಮೊದಲು ಕೇಳಿಸುವ ಮಾತು, “ಗೇರ್‌ಬಾಕ್ಸ್ ಇಳಿಸ್ಬೇಕ್ರಿ.” ಅದು ರೋಗನಿರ್ಣಯವಲ್ಲ, ಸ್ವಾಗತವಚನ. ಅದನ್ನು ಕೇಳಿ ಗಾಬರಿಯಾಗದೆ ನಿಂತವನು ಮಾತ್ರ ಮುಂದಿನ ಪ್ರಕರಣಗಳಿಗೆ ಅರ್ಹ.

ಇತಿಹಾಸವಿಲ್ಲದೆ ನಿದಾನವಿಲ್ಲ. ಪತ್ತಿಕೊಂಡದ ಕಡೆಯ ಎರ್ರಗುಡಿಯಲ್ಲಿ ಅಶೋಕನ ಬಂಡೆಶಾಸನವಿದೆ. ಅಲ್ಲಿನ ಕಿರುಶಾಸನದ ಕೆಲವು ಸಾಲುಗಳು ಎಡದಿಂದ ಬಲಕ್ಕೆ ಹೋಗಿ, ಅಲ್ಲಿಂದ ತಿರುಗಿ ಬಲದಿಂದ ಎಡಕ್ಕೆ ಬರುತ್ತವೆ. ಲಿಪಿತಜ್ಞರು ಇದಕ್ಕೆ ಏನೇನೋ ಕಾರಣ ಕೊಟ್ಟಿದ್ದಾರೆ. ನಮ್ಮ ಮತದಲ್ಲಿ ಇದು ಜಿಲ್ಲೆಯ ಅತ್ಯಂತ ಹಳೆಯ ರಿವರ್ಸ್ ಗೇರು. ಕೆತ್ತಿದವನು ಗಾಡಿ ಪೂರ್ತಿ ನಿಲ್ಲುವ ಮೊದಲೇ ಡಿ ಇಂದ ಆರ್‌ಗೆ ಹಾಕಿದ್ದಾನೆ. ಇಂದಿಗೂ ಆದವಾನಿಯಲ್ಲಿ ಕಾರು ಹಿಂದೆ ತೆಗೆಯುವ ಮುಕ್ಕಾಲು ಮಂದಿ ಅಶೋಕನ ಕಾಲದ ಈ ಪದ್ಧತಿಯನ್ನೇ ಪಾಲಿಸುತ್ತಾರೆ, ಒಳಗಿನ ಕ್ಲಚ್ ಪ್ಲೇಟುಗಳು ಅದರ ಫಲ ಉಣ್ಣುತ್ತವೆ.

ಎರಡನೆಯ ಘಟನೆ 1953ರ ಅಕ್ಟೋಬರ್ 1ರದು. ಆಂಧ್ರ ರಾಜ್ಯ ಹುಟ್ಟಿದ ಆ ದಿನ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಅತ್ತ ಬಿದ್ದವು, ಉಳಿದವು ಮೈಸೂರಿಗೆ ಸೇರಿದವು. ಊರವರು ಯಾರೂ ಕ್ಲಚ್ ತುಳಿಯಲಿಲ್ಲ, ಗೇರು ತಾನಾಗಿಯೇ ಬದಲಾಯಿತು. ಜರ್ಕ್ ಮಾತ್ರ ಇನ್ನೂ ಕೆಲವರ ಸೊಂಟದಲ್ಲಿದೆ. ನಿದಾನಕಾರನಿಗೆ ಇದರಿಂದ ಆದ ತೊಂದರೆ ಏನೆಂದರೆ, ಕೆಎ 34ರ ಹಳೆಯ ಕಾರು ಗಡಿ ದಾಟಿ ಬಂದಾಗ ಕಾರು ಆದವಾನಿಯಲ್ಲಿರುತ್ತದೆ, ಸರ್ವಿಸ್ ಪುಸ್ತಕ ಬಳ್ಳಾರಿಯಲ್ಲಿರುತ್ತದೆ, ಎನ್‌ಒಸಿ ದಾರಿಯಲ್ಲಿರುತ್ತದೆ. ಗೇರ್ ಎಣ್ಣೆ ಕೊನೆಗೆ ಯಾವಾಗ ಬದಲಾಯಿತು ಎಂಬ ಪ್ರಶ್ನೆಗೆ ಎರಡೂ ರಾಜ್ಯಗಳು ಉತ್ತರಿಸುವುದಿಲ್ಲ.

ಇನ್ನು ತತ್ತ್ವವಿಚಾರ. ಮಂತ್ರಾಲಯ ಇದೇ ಸೀಮೆಯಲ್ಲಿರುವಾಗ ಇದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಮಧ್ವಮತದಲ್ಲಿ ಭೇದಗಳು ಐದು. ಹಳೆಯ ಆಟೋಮ್ಯಾಟಿಕ್‌ನ ಗೇರ್ ಲಿವರ್ ಪಕ್ಕದಲ್ಲೂ ಅಕ್ಷರಗಳು ಐದು: ಪಿ, ಆರ್, ಎನ್, ಡಿ, ಎಲ್. ಸಾಮ್ಯ ಅಲ್ಲಿಗೇ ಮುಗಿಯುವುದಿಲ್ಲ. ಟಾರ್ಕ್ ಕನ್ವರ್ಟರಿನಲ್ಲಿ ಎಂಜಿನ್ ಬೇರೆ, ಗೇರ್‌ಬಾಕ್ಸ್ ಬೇರೆ, ನಡುವೆ ಎಣ್ಣೆಯಷ್ಟೇ. ಎಂಜಿನ್ ಕಡೆಯ ರೆಕ್ಕೆಚಕ್ರ ಎಣ್ಣೆಯನ್ನು ಎಸೆಯುತ್ತದೆ, ಅದು ಬಡಿದ ಹೊಡೆತಕ್ಕೆ ಎದುರಿನ ಚಕ್ರ ತಿರುಗುತ್ತದೆ. 1905ರಲ್ಲಿ ಜರ್ಮನಿಯ ಹೆರ್ಮನ್ ಫ್ಯೋಟಿಂಗರ್ ಹಡಗುಗಳಿಗಾಗಿ ಇದಕ್ಕೆ ಪೇಟೆಂಟ್ ಪಡೆದಾಗ ತಾನು ದ್ವೈತಿಯೆಂದು ಅವರಿಗೇ ತಿಳಿದಿರಲಾರದು. ಆಮೇಲೆ ಬಂದ ಲಾಕಪ್ ಕ್ಲಚ್ ಅಪ್ಪಟ ಅದ್ವೈತಿ. ವೇಗ ಒಂದೇ ಹದಕ್ಕೆ ಬಂದೊಡನೆ ಎರಡನ್ನೂ ಹಿಡಿದು ಒಂದು ಮಾಡಿಬಿಡುತ್ತದೆ. ಎಮ್ಮಿಗನೂರು ರಸ್ತೆಯಲ್ಲಿ ಅರವತ್ತರ ಆಸುಪಾಸಿನಲ್ಲಿ ಕಾರು ಗದಗದ ನಡುಗಿತೆನ್ನಿ, ಒಳಗೆ ವಾದ ನಡೆದಿದೆ ಎಂದರ್ಥ. ಆಕ್ಸಿಲರೇಟರ್ ಬಿಡದೆ ಎಡಗಾಲಿನಿಂದ ಬ್ರೇಕನ್ನು ಸ್ವಲ್ಪವೇ ಮುಟ್ಟಿ. ನಡುಕ ಒಡನೆ ನಿಂತರೆ ತಪ್ಪು ಲಾಕಪ್‌ನದು, ಏಕೆಂದರೆ ಬ್ರೇಕ್ ಮುಟ್ಟಿದರೆ ಅದ್ವೈತ ಬಿಟ್ಟುಹೋಗುತ್ತದೆ. ನಿಲ್ಲದಿದ್ದರೆ ಟೈರು, ಪ್ಲಗ್ಗು ನೋಡಿ, ಮತಾಚಾರ್ಯರನ್ನು ದೂರಬೇಡಿ.

ಶಾಸ್ತ್ರದ ಜೀವಾಳವೆಲ್ಲ ಎಣ್ಣೆ ಪ್ರಕರಣದಲ್ಲಿದೆ. ಡಿಪ್‌ಸ್ಟಿಕ್ ಇರುವ ಕಾರಾದರೆ ಅದನ್ನು ಎಳೆದು ಒಂದು ಹನಿಯನ್ನು ಬಿಳಿ ಬಟ್ಟೆಯ ಮೇಲೆ ಬಿಡಬೇಕು. (ಸ್ವಂತ ಪಂಚೆ ಬೇಡ, ಮಾರುವವನದು ಪ್ರಶಸ್ತ.) ಕೆಂಪಾಗಿ ತಿಳಿಯಾಗಿದ್ದರೆ ಸುಖ. ಕಂದು ಬಣ್ಣವಿದ್ದರೆ ವಯಸ್ಸು. ಕಪ್ಪಾಗಿ ಸುಟ್ಟ ವಾಸನೆ ಹೊಡೆದರೆ ಪ್ಲೇಟುಗಳು ಬೆಂದಿವೆ. ನಸುಗೆಂಪು ಹಾಲಿನಂತಾಗಿದ್ದರೆ ರೇಡಿಯೇಟರಿನ ನೀರು ಒಳಹೊಕ್ಕಿದೆ. ಆಗ ಮಾತ್ರ ಗಾಬರಿ ಶಾಸ್ತ್ರಸಮ್ಮತ. ಮಟ್ಟ ನೋಡುವ ವಿಧಿ ಕಂಪನಿಯಿಂದ ಕಂಪನಿಗೆ ಬೇರೆ: ಹೆಚ್ಚಿನವು ಬಿಸಿ ಎಂಜಿನ್ ಓಡುತ್ತಿರುವಾಗಲೇ ನೋಡಿ ಎನ್ನುತ್ತವೆ, ಕೆಲವು ಆರಿಸಿದ ಒಂದು ನಿಮಿಷದೊಳಗೆ ಎನ್ನುತ್ತವೆ. ಎಣ್ಣೆ ಎಂಬತ್ತು ಡಿಗ್ರಿ ದಾಟಿದ ಮೇಲೆ ಹತ್ತು ಹನ್ನೊಂದು ಡಿಗ್ರಿ ಏರಿದಂತೆಲ್ಲ ಅದರ ಆಯುಷ್ಯ ಅರ್ಧವಾಗುತ್ತದೆಂಬುದು ಈ ಕಸುಬಿನ ಅಂದಾಜು ಲೆಕ್ಕ. ‘ಲೈಫ್‌ಟೈಮ್ ಆಯಿಲ್’ ಎಂದು ಬರೆದವರು ಮೇ ತಿಂಗಳಲ್ಲಿ ಕೋಸಿಗಿಗೆ ಬಂದವರಲ್ಲ. ಹಿಂದೆ ಈ ಎಣ್ಣೆಗೆ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. 1970ರ ದಶಕದಲ್ಲಿ ಅಮೆರಿಕದಲ್ಲಿ ಅದಕ್ಕೆ ನಿಷೇಧ ಬಿದ್ದ ಮೇಲೆ ರಾಸಾಯನಿಕ ಬದಲಿ ಹುಡುಕಬೇಕಾಯಿತು. ಹಾಗಾದರೆ ನಮ್ಮ ಮಿಲ್ಲಿನ ಶೇಂಗಾ ಎಣ್ಣೆ ನಡೆದೀತೇ ಎಂಬುದು ಸ್ಥಳೀಯ ಪೂರ್ವಪಕ್ಷ. ಸಿದ್ಧಾಂತ: ನಡೆಯದು.

ಇಲ್ಲೊಂದು ದೊಡ್ಡ ವಾದವಿದೆ. “ಹೊಸ ಎಣ್ಣೆ ಹಾಕಿದ್ದಕ್ಕೇ ಗೇರು ಬಿಡ್ತುರೀ” ಎನ್ನುವ ಪಂಥ ಬಲವಾಗಿದೆ. ಕಾಕತಾಲೀಯ ನ್ಯಾಯ ಓದಿದವರು ಕೇಳಬೇಕು: ಲಕ್ಷ ಕಿಲೋಮೀಟರ್ ಮುಟ್ಟದೆ ಬಿಟ್ಟ ಎಣ್ಣೆಯನ್ನು ಬದಲಿಸಲು ಮನಸ್ಸು ಬಂದದ್ದು ಯಾವಾಗ? ಗೇರು ಜಾರಲು ಹತ್ತಿದ ಮೇಲೆ. ಸಾಯುವವನ ಬಾಯಿಗೆ ಗಂಗೋದಕ ಬಿಟ್ಟು, ಗಂಗೋದಕವೇ ಕೊಂದಿತು ಎಂದಂತಾಯಿತು. ಆದರೂ ಆ ಪಂಥದಲ್ಲಿ ಒಂದು ಹುರುಳಿದೆ: ಸವೆದ ಪ್ಲೇಟಿನ ಪುಡಿ ಹಳೆಯ ಎಣ್ಣೆಯಲ್ಲಿ ತೇಲುತ್ತ ಒಂದಿಷ್ಟು ಹಿಡಿತ ಕೊಡುತ್ತಿರಬಹುದು. ಅಂಥ ಕಾರಿಗೆ ಒತ್ತಡ ಹಾಕಿ ಒಳಗೆಲ್ಲ ತೊಳೆಸುವುದಕ್ಕಿಂತ ಸಂಪಿನ ಎಣ್ಣೆಯನ್ನಷ್ಟೇ ಇಳಿಸಿ ತುಂಬುವುದು ಲೇಸೆಂದು ಮಧ್ಯಮಮಾರ್ಗಿಗಳ ಅಭಿಪ್ರಾಯ. ಈ ಲೇಖಕನೂ ಆ ಪಾರ್ಟಿಯವನೇ.

ಮಾನವಶಾಸ್ತ್ರೀಯ ಭಾಗವನ್ನು ವಿದೇಶಿ ಗ್ರಂಥಗಳು ಪೂರ್ತಿ ಮರೆತಿವೆ. ಈ ಸೀಮೆಯಲ್ಲಿ ಕಾರು ನಿಂತರೆ ಜನ ಕೂಡುತ್ತಾರೆ, ಕೂಡಿದ ಜನ ತಳ್ಳುತ್ತಾರೆ. ಯಾರೂ ಕರೆಯಬೇಕಿಲ್ಲ. ಹೊಳಗುಂದದ ಸಂತೆಯ ದಿನ ಕೆಟ್ಟ ಕಾರನ್ನು ತಳ್ಳುವ ಉತ್ಸಾಹ ರಥ ಎಳೆಯುವ ಉತ್ಸಾಹಕ್ಕೆ ಕಡಿಮೆಯಲ್ಲ. ಆದರೆ ಆಟೋಮ್ಯಾಟಿಕ್ ತಳ್ಳಿದರೆ ಸ್ಟಾರ್ಟ್ ಆಗುವುದಿಲ್ಲ. ಎಣ್ಣೆಯ ಪಂಪು ತಿರುಗುವುದು ಎಂಜಿನ್ ತಿರುಗಿದಾಗಲೇ, ಪಂಪಿಲ್ಲದೆ ಒತ್ತಡವಿಲ್ಲ, ಒತ್ತಡವಿಲ್ಲದೆ ಗೇರು ಹಿಡಿಯದು. ಇದನ್ನು ಹತ್ತು ಮಂದಿ ಬೆವತ ಮೇಲೆ ವಿವರಿಸಹೋದ ಮಾಲೀಕನ ಮರ್ಯಾದೆಯ ಹೊಣೆ ಶಾಸ್ತ್ರದ್ದಲ್ಲ. ಆಗ ಹಗ್ಗ ಬರುತ್ತದೆ, ಟ್ರ್ಯಾಕ್ಟರ್ ಬರುತ್ತದೆ. ಗೇರ್‌ಬಾಕ್ಸಿಗೆ ಕೂಡಿದ ಚಕ್ರಗಳು ನೆಲದ ಮೇಲೆ ಉರುಳುತ್ತ ಆದವಾನಿವರೆಗೆ ಸಾಗಿದರೆ, ಎಣ್ಣೆ ಹರಿಯದ ಬೇರಿಂಗುಗಳು ದಾರಿಯುದ್ದಕ್ಕೂ ಒಣಗಿ ತಿರುಗುತ್ತವೆ. ಬ್ಯಾಟರಿ ಹೋಗಿ ನಿಂತ ಕಾರು ಗ್ಯಾರೇಜ್ ಮುಟ್ಟುವಾಗ ನಿಜವಾಗಿಯೂ ಗೇರ್‌ಬಾಕ್ಸ್ ರೋಗಿಯಾಗಿರುತ್ತದೆ. ಸ್ವಾಗತವಚನ ಸತ್ಯವಾಗುವುದು ಹೀಗೆ.

ಸ್ಕ್ಯಾನರ್ ಬಗ್ಗೆ ಬಹಳ ಹೇಳಲಿಕ್ಕಿಲ್ಲ. ಪಿ 0700 ಎಂದು ಬಂದರೆ ಅದರರ್ಥ “ಗೇರಿನಲ್ಲಿ ಏನೋ ಇದೆ” ಎಂದಷ್ಟೇ. ಅಷ್ಟು ಪಕ್ಕದ ಮನೆಯವರಿಗೂ ಗೊತ್ತಿತ್ತು. ಪಿ 0730 ಬಂದರೆ ಕೇಳಿದ ಗೇರಿಗೂ ಸಿಕ್ಕ ಗೇರಿಗೂ ತಾಳೆಯಿಲ್ಲ. ಇವಕ್ಕಿಂತ ಮೊದಲು ಬ್ಯಾಟರಿ, ಅರ್ತ್ ವೈರು, ಎಂಜಿನ್ ಮೌಂಟಿಂಗ್ ನೋಡಬೇಕು. ಹರಿದ ಮೌಂಟಿಂಗ್ ರಬ್ಬರು ಡಿ ಗೆ ಹಾಕಿದಾಗ ಧಡ್ ಎಂದು, ತಾನೇ ಗೇರ್‌ಬಾಕ್ಸ್ ಎಂದು ನಟಿಸುವುದುಂಟು.

ಕೊನೆಯ ಪರೀಕ್ಷೆ ಕಾರು ಕೊಳ್ಳುವ ಮುಂಚಿನದು. ರಾತ್ರಿಯಿಡೀ ನಿಂತು ತಣ್ಣಗಾದ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿ ಡಿ ಗೆ ಹಾಕಿ. ಒಂದೆರಡು ಸೆಕೆಂಡಿನಲ್ಲಿ ಹಿಡಿಯಬೇಕು. ಅದಕ್ಕೂ ಮೀರಿ ಯೋಚನೆ ಮಾಡುವ ಕಾರನ್ನು ಮಾರುವವನು ಗಿರಾಕಿ ಬರುವ ಮೊದಲೇ ಬಿಸಿ ಮಾಡಿಟ್ಟಿರುತ್ತಾನೆ. ಬಿಸಿಯಾದ ಮೇಲೆ ಜಾರುವ ಕಾರಾದರೆ ತಣ್ಣಗಿರುವಾಗಲೇ ತೋರಿಸಿ ಕೀ ಕಿಸೆಗೆ ಹಾಕಿಕೊಳ್ಳುತ್ತಾನೆ.

ಫಲಶ್ರುತಿ: ಇದನ್ನು ಓದಿದ ಗಿರಾಕಿ ಬಾನೆಟ್ ಮುಟ್ಟಿ ನೋಡಿ, ಬಿಸಿಯಿದ್ದರೆ ಚಹಾ ಕುಡಿದು ಎದ್ದುಹೋಗುವನು. ಓದಿದ ಮಾಲೀಕ ಮುಟ್ಟಲು ಬಿಡನು. ಇಬ್ಬರೂ ಓದಿದ್ದರೆ ವ್ಯವಹಾರ ಮುರಿದು, ಎರಡೂ ಕಡೆ ಕಮಿಷನ್ ಎಣಿಸುತ್ತಿದ್ದ ದಲಾಲಿ ಉಪವಾಸ ಬೀಳುವನು. ಹತ್ತಿ ಮಂಡಿಯ ಊರಿನಲ್ಲಿ ದಲಾಲಿಯನ್ನು ಉಪವಾಸ ಕೆಡವಿದ ಗ್ರಂಥ ಉಳಿಯುವುದುಂಟೇ? ಆದಕಾರಣ ಒಂದು ಕಾರಿಗೆ ಒಂದೇ ಪ್ರತಿ, ಅದೂ ಮೊದಲು ಕೇಳಿದವರಿಗೆ ಮಾತ್ರ ಕೊಡತಕ್ಕದ್ದು.